ನಲವತ್ತೊಂದು ದಿನ ಒಳಗೇ ಇದ್ದವರು

ಬೆಳಗಿನ ಐದೂವರೆ. ಮಂಜು ಎಷ್ಟು ದಟ್ಟವಾಗಿ ಇಳಿದಿದೆಯೆಂದರೆ, ಅಗ್ನಿಶಾಮಕ ಠಾಣೆಯ ಗೇಟಿನಲ್ಲಿ ನಿಂತರೆ ಎದುರಿನ ಬೀದಿದೀಪದ ಕಂಬ ಕಾಣದು, ಮಸುಕು ಬೆಳಕೊಂದು ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಉಳಿದವರು ಕೈ ಉಜ್ಜಿಕೊಳ್ಳುತ್ತ ಒಳಗೆ ಓಡಿದರೆ, ಏಣಿಯಣ್ಣ ಗೇಟಿನಲ್ಲೇ ನಿಂತು ಮೂಗೆತ್ತಿ ಗಾಳಿಯನ್ನು ಒಮ್ಮೆ ಎಳೆದುಕೊಳ್ಳುತ್ತಾರೆ. ಇದು ಮಂಜೋ, ಹೊಗೆಯೋ? ಇಪ್ಪತ್ತಾರು ವರ್ಷದ ಅಭ್ಯಾಸ. "ಮಂಜೇ" ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಬರುತ್ತಾರೆ.

ನಲವತ್ತೊಂದು ದಿನ ಕಳೆದು ಇವತ್ತು ಅವರು ಕೆಲಸಕ್ಕೆ ಬಂದಿದ್ದಾರೆ. ಬಲಗೈಗೆ ಇನ್ನೂ ಬಿಳಿ ಬಟ್ಟೆ ಸುತ್ತಿದೆ. ಕೆಂಪು ಗಾಡಿಯ ಮೆಟ್ಟಿಲನ್ನು ಎಡಗೈಯಲ್ಲಿ ಮುಟ್ಟಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಾರೆ. ಯಾವ ದೇವರೆಂದು ಕೇಳಿದರೆ, "ನೀರು ಕೊಡೋನು ಯಾರೋ ಅವನು" ಎನ್ನುತ್ತಾರೆ. ಆಮೇಲೆ ತೊಟ್ಟಿಯ ನೀರು, ಪಂಪಿನ ಎಣ್ಣೆ, ಪೈಪುಗಳ ಹಿತ್ತಾಳೆಯ ಬಾಯಿ, ಏಣಿಯ ಹಗ್ಗ, ಒಂದೊಂದನ್ನೂ ಮಗುವಿನ ಮೈ ತಡವಿದಂತೆ ತಡವಿ ನೋಡುತ್ತಾರೆ. ಎತ್ತರದ ಕೆಲಸವೆಂದರೆ ಮೊದಲು ಏಣಿಯ ಮೇಲೆ ಇರುವುದು ಅವರ ಕಾಲೇ. ಹೆಸರು ಬಂದದ್ದು ಹಾಗೆ. ಕೊನೆಗೆ ಅವರ ಕಣ್ಣು ಚಾಲಕನ ಸೀಟಿನ ಪಕ್ಕದ ಪುಟ್ಟ ಹಲಗೆಯ ಮೇಲೆ ನಿಲ್ಲುತ್ತದೆ. ಎಂಟು ಮೊಳೆ, ಏಳು ಬಿಲ್ಲೆ. ಏಳನೇ ಮೊಳೆ ಬೋಳು. ನೋಡಿಯೂ ನೋಡದವರಂತೆ ಬಾಗಿಲು ಮುಚ್ಚುತ್ತಾರೆ.

ಈ ಬಿಲ್ಲೆಯ ಕತೆ ತಿಳಿಯದೆ ಏಣಿಯಣ್ಣನ ಕತೆ ತಿಳಿಯುವುದಿಲ್ಲ. ಈ ಗಾಡಿ ಹತ್ತುವ ಎಂಟು ಮಂದಿಯಲ್ಲಿ ಪ್ರತಿಯೊಬ್ಬನಿಗೂ ಅವನ ಸಂಖ್ಯೆ ಕೊರೆದ ಒಂದು ಹಿತ್ತಾಳೆ ಬಿಲ್ಲೆ ಇದೆ, ಏಣಿಯಣ್ಣನದು ಏಳು; ಬೆಂಕಿಯ ಕೆಲಸವಿಲ್ಲದಾಗ ಅದರ ಜಾಗ ಹಲಗೆಯ ಮೊಳೆ. ಹೊಗೆಯೊಳಗೆ ನುಗ್ಗುವ ಮುಂಚೆ ಅದನ್ನು ಚಾಲಕನ ಕೈಯಲ್ಲಿಟ್ಟು ಹೋಗಬೇಕು. ಹೊರಗೆ ನಡೆದು ಬಂದು ತನ್ನ ಕೈಯಿಂದಲೇ ಇಸಿದುಕೊಳ್ಳಬೇಕು. ಬಿಲ್ಲೆ ಚಾಲಕನ ಹತ್ತಿರ ಇರುವಷ್ಟು ಹೊತ್ತು ಆ ಮನುಷ್ಯ ಒಳಗಿದ್ದಾನೆ ಎಂದೇ ಅರ್ಥ. ಹೊಸದಾಗಿ ಸೇರಿದವರಿಗೆಲ್ಲ ಈ ಶಿಸ್ತನ್ನು ಬೈದು ಬೈದು ಕಲಿಸಿದವರು ಏಣಿಯಣ್ಣನೇ.

ಆ ದಿನ ಹಾಸಿಗೆ ಗೋದಾಮಿಗೆ ಬೆಂಕಿ. ಒಳಗೆ ಕಾವಲುಗಾರನಿದ್ದ. ಏಣಿಯಣ್ಣ ಬಿಲ್ಲೆ ಕೊಟ್ಟು ನುಗ್ಗಿದರು. ಅವನನ್ನು ಎಳೆದು ತರುವಷ್ಟರಲ್ಲಿ ಷಟರ್ ಅರ್ಧಕ್ಕೆ ಕುಸಿಯಿತು. ಕಾದ ತಗಡನ್ನು ಬಲ ಅಂಗೈಯಲ್ಲಿ ಎತ್ತಿ ಹಿಡಿದು, ಅವನು ನುಸುಳಿ ಹೋಗುವವರೆಗೆ ನಿಂತರು. ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾದ ಕೈಗವಸಿಗೆ ಅದು ಐದನೇ ವರ್ಷ. ಅಂಗೈ ಸವೆದಲ್ಲಿ ಹೆಂಡತಿ ತೇಪೆ ಹಾಕಿಕೊಟ್ಟಿದ್ದರು. "ತೇಪೆ ಗಟ್ಟಿಯಾಗೇ ಹಾಕಿದ್ದೆ. ಹೊಲಿಗೆ ಬಿಟ್ಟಿರಲಿಲ್ಲ, ಚರ್ಮಕ್ಕೇ ಅಂಟ್ಕೊಂಡಿತ್ತು" ಎನ್ನುತ್ತಾರೆ ಆಕೆ. ದನಿಯಲ್ಲಿ ಏರಿಳಿತವಿಲ್ಲ. ಕಾವಲುಗಾರ ಬದುಕಿದ. ಹೊಗೆ ಕುಡಿದು ಕುಸಿದ ಏಣಿಯಣ್ಣ, ಬಿಲ್ಲೆ ಇಸಿದುಕೊಳ್ಳದೆಯೇ, ಆಂಬುಲೆನ್ಸಿನಲ್ಲಿ ಹೋದರು.

ಠಾಣೆಯಲ್ಲಿ ಹುದ್ದೆಗಳು ಇಪ್ಪತ್ತೆರಡು, ಮನುಷ್ಯರು ಹದಿಮೂರು. ಗಂಟೆ ಬಾರಿಸಿದ ಅರವತ್ತು ಸೆಕೆಂಡಿನಲ್ಲಿ ಗಾಡಿ ಗೇಟು ದಾಟಬೇಕು. ಕಳೆದ ವರ್ಷ ಮುನ್ನೂರ ಹನ್ನೆರಡು ಕರೆ. ಬಟ್ಟೆ ಒಗೆಯುವ ಭತ್ಯೆಯಲ್ಲಿ ತಿಂಗಳಿಗೆ ಮೂರು ಸೋಪು ಬರುತ್ತದೆ. "ಬಾಗಿಲಲ್ಲೇ ಮೂಗು ಹೇಳತ್ತೆ, ಇವತ್ತು ಉರಿದಿದ್ದು ರಬ್ಬರ್ರೋ ಹತ್ತಿಯೋ ಅಂತ. ಮೂರು ಸೋಪು ಇವರ ಕಾಲರ್‌ಗೇ ಸಾಲಲ್ಲ" ಎಂದು ಹೆಂಡತಿ ನಗುತ್ತಾರೆ. ಊಟದ ಭತ್ಯೆ ಸಿಗುವುದು ಕೆಲಸ ಎಂಟು ಗಂಟೆ ಮೀರಿದರೆ ಮಾತ್ರ. ಒಮ್ಮೆ ಏಳು ಗಂಟೆ ಐವತ್ತು ನಿಮಿಷಕ್ಕೆ ಬೆಂಕಿ ಆರಿತು; ಭತ್ಯೆ ಬರಲಿಲ್ಲ. "ಇನ್ನೊಂದು ಹತ್ತು ನಿಮಿಷ ಉರಿಯಪ್ಪಾ ಅಂತ ಬೆಂಕಿಗೆ ಹೇಳ್ಬೇಕಿತ್ತು, ನಮ್ಮದೇ ತಪ್ಪು" ಎನ್ನುವುದು ಚಾಲಕನ ಮಾತು. ಏಣಿಯಣ್ಣನ ಜತೆಗೇ ಕೆಲಸಕ್ಕೆ ಸೇರಿದವರು ಅವರು.

ಇವುಗಳ ಜತೆಗೆ ಅಪಾಯ ಭತ್ಯೆ ಎಂಬುದೊಂದು ಉಂಟು. ಅದಕ್ಕಾಗಿಯೇ ಹನ್ನೊಂದು ಗಂಟೆಗೆ ಏಣಿಯಣ್ಣ ಹೆಂಡತಿಯೊಂದಿಗೆ ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದಾರೆ. ಹಾಸಿಗೆ ಹಿಡಿದಿದ್ದ ನಲವತ್ತೊಂದು ದಿನದ ಅಪಾಯ ಭತ್ಯೆಯನ್ನು ತಪ್ಪಾಗಿ ಕೊಡಲಾಗಿದೆಯಂತೆ. ವಾಪಸು ಮುರಿದುಕೊಳ್ಳಲು ಒಪ್ಪಿ ಸಹಿ ಹಾಕದಿದ್ದರೆ ಈ ತಿಂಗಳ ಸಂಬಳ ಬಿಡುಗಡೆಯಾಗದು.

"ಅಪಾಯ ಭತ್ಯೆ ಅಪಾಯದಲ್ಲಿದ್ದೋರಿಗೆ ಅಣ್ಣ. ನೀವು ರಜೆಯಲ್ಲಿದ್ರಿ" ಎನ್ನುತ್ತಾನೆ ಗುಮಾಸ್ತ. ಕೆಟ್ಟವನಲ್ಲ, ಏಣಿಯಣ್ಣನನ್ನು ಬೆಂಚಿನಿಂದ ಎಬ್ಬಿಸಿ ತನ್ನ ಕುರ್ಚಿಯನ್ನೇ ಕೊಟ್ಟಿದ್ದಾನೆ.

"ರಜೆ ಯಾತಕ್ಕಪ್ಪಾ ಹಾಕಿದ್ದು? ಬೆಂಕೀಲಿ ಸುಟ್ಟೇ ಅಲ್ವಾ?"

"ಬೆಂಕಿ ಒಂದು ದಿನದ್ದು. ಆ ದಿನದ್ದು ಹಿಡಿದಿಲ್ಲ, ನೋಡಿ."

ಏಣಿಯಣ್ಣ ಕಾಗದ ಓದುತ್ತಾರೆ. 'ಸದರಿ ದಿನಗಳಲ್ಲಿ ನಾನು ಯಾವುದೇ ಅಪಾಯದಲ್ಲಿ ಇರಲಿಲ್ಲವೆಂದು ದೃಢೀಕರಿಸುತ್ತೇನೆ.' ಎರಡು ಸಲ ಓದುತ್ತಾರೆ. "ದುಡ್ಡು ಹಿಡ್ಕೊಳ್ಳಿ ತಮ್ಮಾ, ಅದರಿಂದ ನಾನೇನೂ ಅರಮನೆ ಕಟ್ತಿರಲಿಲ್ಲ. ಈ ಒಂದು ಸಾಲು ತೆಗೆದುಬಿಡು. ಆಸ್ಪತ್ರೇಲಿ ಎಂಟು ರಾತ್ರಿ ಇವಳು ನನ್ನ ಉಸಿರು ಎಣಿಸ್ಕೊಂಡು ಕೂತಿದ್ದಾಳೆ."

"ಅಚ್ಚಾಗಿ ಬಂದಿರೋ ನಮೂನೆ ಅಣ್ಣ. ನನ್ನ ಕೈಲಿಲ್ಲ."

ಹೆಂಡತಿ ಚೀಲದೊಳಗಿನ ಮನೆ ಬಾಡಿಗೆಯ ಚೀಟಿಯನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಏಣಿಯಣ್ಣ ಎಡಗೈಯಲ್ಲಿ ಪೆನ್ನು ಹಿಡಿಯುತ್ತಾರೆ. ಸಹಿ ಸೊಟ್ಟಗೆ ಬಂದು, ಹಳೆಯ ಸಹಿಗೆ ತಾಳೆಯಾಗುವುದಿಲ್ಲ. ಗುಮಾಸ್ತ ತಲೆ ತಗ್ಗಿಸಿ ಶಾಯಿಯ ಡಬ್ಬಿ ಮುಂದಿಡುತ್ತಾನೆ. ಇಪ್ಪತ್ತಾರು ವರ್ಷ ಸಹಿ ಹಾಕಿದ ಮನುಷ್ಯ ಹೆಬ್ಬೆಟ್ಟು ಒತ್ತಿ ಏಳುತ್ತಾರೆ.

ಠಾಣೆಗೆ ಮರಳುವಾಗ ಮಂಜು ಕರಗಿ ಬಿಸಿಲು ಚುರುಗುಟ್ಟುತ್ತಿದೆ. ಚಾಲಕ ಗಾಡಿಯ ಗಾಜು ಒರೆಸುತ್ತಿದ್ದಾರೆ.

"ಸಹಿ ಹಾಕಿದೆಯಾ?"

"ಹೆಬ್ಬೆಟ್ಟು ಒತ್ತಿದೆ."

"ಅಪಾಯದಲ್ಲಿ ಇರಲಿಲ್ಲ ಅಂತ?"

"ಇರಲಿಲ್ಲ ಅಂತ."

ಚಾಲಕ ಬಟ್ಟೆ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಾರೆ. ಗಾಡಿಯ ಪುಸ್ತಕ ತೆಗೆದು ಗೋದಾಮಿನ ಬೆಂಕಿಯ ಪುಟ ತಿರುವುತ್ತಾರೆ. ಏಳನೇ ಬಿಲ್ಲೆಯ ಎದುರು ಒಳಹೋದ ಹೊತ್ತು ಬರೆದಿದೆ; ಹೊರಬಂದ ಹೊತ್ತಿನ ಜಾಗ ಖಾಲಿ.

"ಬಿಲ್ಲೆ ಆಸ್ಪತ್ರೆಗೇ ತರಬಹುದಿತ್ತು. ಆದ್ರೆ ಮಲಗಿದ್ದೋನ ಕೈಗೆ ಕೊಡೋ ಹಾಗಿಲ್ಲ, ನೀನೇ ಎಲ್ಲರಿಗೂ ಕಲಿಸೋ ಪಾಠ. ಬೆಳಿಗ್ಗೇನೇ ಕೊಡೋಣ ಅಂದ್ಕೊಂಡೆ. ಕಚೇರಿಯೋರು ಏನಂತಾರೋ ನೋಡೋಣ ಅಂತ ತಡೆದೆ" ಎನ್ನುತ್ತಾರೆ ಚಾಲಕ. "ಅವರು ಏನಾದ್ರೂ ಬರ್ಕೊಳ್ಳಲಿ. ಈ ಪುಸ್ತಕದಲ್ಲಿ ನೀನು ಇವತ್ತಿನವರೆಗೂ ಒಳಗೇ ಇದ್ದೆ ಕಣಯ್ಯಾ."

ಖಾಲಿ ಜಾಗದಲ್ಲಿ ಇಂದಿನ ತಾರೀಖು ಬರೆದು, ಗಡಿಯಾರ ನೋಡಿ ಹೊತ್ತನ್ನೂ ಬರೆಯುತ್ತಾರೆ. ಆಮೇಲೆ ಎದೆಯ ಜೇಬಿನ ಗುಂಡಿ ಬಿಚ್ಚಿ, ಮೈಶಾಖಕ್ಕೆ ಬೆಚ್ಚಗಾಗಿರುವ ಬಿಲ್ಲೆಯನ್ನು ಹೊರತೆಗೆದು ಮುಂದೆ ಹಿಡಿಯುತ್ತಾರೆ. ಏಣಿಯಣ್ಣ ಅಭ್ಯಾಸಬಲದಿಂದ ಬಲಗೈ ಚಾಚಿ, ಹಿಂದಕ್ಕೆ ತೆಗೆದು, ಎಡಗೈ ಒಡ್ಡುತ್ತಾರೆ. ಹೆಬ್ಬೆರಳಿನ ಶಾಯಿ ಹಿತ್ತಾಳೆಗೆ ಹತ್ತುತ್ತದೆ. ಒರೆಸದೆ, ಹಾಗೆಯೇ ಏಳನೇ ಮೊಳೆಗೆ ತಗುಲಿಹಾಕುತ್ತಾರೆ.