ಕೊಳಲು ನಿಂತ ಮೇಲೆ

ನಮ್ಮ ಅಪ್ಪನಿಗೆ ಹಾಡಿದವರ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. "ಅವರಿಗೆ ಚಪ್ಪಾಳೆ ಹೊಡೆಯಲಿಕ್ಕೆ ಇಡೀ ದೇಶ ಉಂಟು. ಹಾಡು ಕಟ್ಟಿದವನು ಯಾರು, ಅದನ್ನು ಹೇಳು" ಎನ್ನುತ್ತಿದ್ದರು. ಮುಂಬಯಿ ಹತ್ತಿರದ ಡೊಂಬಿವಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದ ಅವರು ರಜೆಯ ದಿನ ಠಾಕುರ್ಲಿಯ ನಮ್ಮ ಪುಟ್ಟ ಮನೆಯಲ್ಲಿ ರೇಡಿಯೊದ ಎದುರು ಟೇಪ್ ರೆಕಾರ್ಡರ್ ಇಟ್ಟು, ಹಳೆಯ ಹಿಂದಿ ಹಾಡುಗಳನ್ನು ಕ್ಯಾಸೆಟ್ಟಿಗೆ ಹಿಡಿಯುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿಲ್ಲ. ಅಮ್ಮ ಕುಕ್ಕರ್ ಇಳಿಸಿ ಬಾಗಿಲ ಬಳಿ ಸುಮ್ಮನೆ ಕುಳಿತಿರಬೇಕು. ಸಂಗೀತ ಕೊಟ್ಟವನ ಹೆಸರನ್ನು ರೇಡಿಯೊದವರು ಹೇಳಿ ಮುಗಿಸಿದ ಮೇಲೆಯೇ ನಮಗೆ ಉಸಿರು.

ಅವರಿಗೆ ಪ್ರಾಣವಾಗಿದ್ದ ಒಂದು ಹಾಡಿತ್ತು. ಅದನ್ನು ಕಟ್ಟಿದವನು ನಾಲ್ಕಾರು ಸಿನಿಮಾ ಮಾಡಿ ಹೇಳಹೆಸರಿಲ್ಲದೆ ಹೋದವನು. ಎರಡನೆಯ ಚರಣಕ್ಕೆ ಮುಂಚೆ ಕೊಳಲು ಬಂದು, ತಟ್ಟನೆ ನಿಂತು, ಒಂದು ಗಳಿಗೆ ಏನೂ ಇರುವುದಿಲ್ಲ. ತಬಲ ಇಲ್ಲ, ಪಿಟೀಲು ಇಲ್ಲ. ಆಮೇಲೆ ದನಿ ಶುರುವಾಗುತ್ತದೆ. ಅಪ್ಪ ಅದನ್ನು ಬಾಯಲ್ಲೇ ಗುನುಗಿ, ಅಲ್ಲಿ ನಿಲ್ಲಿಸಿ ಬೆರಳೆತ್ತಿ, "ಇಲ್ಲಿ ಕೇಳು. ಎಲ್ಲರೂ ತುಂಬಿಸ್ತಾರೆ, ಇವನು ಖಾಲಿ ಬಿಟ್ಟಿದ್ದಾನೆ. ಧೈರ್ಯ ಬೇಕು ಮಗಾ ಅದಕ್ಕೆ" ಎನ್ನುತ್ತಿದ್ದರು. ನಾನಾಗ ಹತ್ತು ವರ್ಷದ ಹುಡುಗಿ. ನನಗೆ ಕೇಳಿಸುತ್ತಿದ್ದದ್ದು ನನ್ನ ಹೊಟ್ಟೆಯ ತಾಳ ಮಾತ್ರ.

ವರ್ಷಗಟ್ಟಲೆ ಕಾದ ಮೇಲೆ ಒಂದು ಮಧ್ಯಾಹ್ನ ಆ ಹಾಡು ರೇಡಿಯೊದಲ್ಲಿ ಬಂತು. ಅಪ್ಪ ಗುಂಡಿ ಒತ್ತಿದರು. ಕೊಳಲು ಬಂತು, ನಿಂತಿತು. ಸರಿಯಾಗಿ ಆ ಖಾಲಿ ಜಾಗದಲ್ಲಿ, ಹಾಡು ಮುಗಿಯಿತೆಂದುಕೊಂಡ ಅಮ್ಮ ಒಳಗಿನಿಂದ ತುಳುವಿನಲ್ಲಿ ಕೂಗಿದಳು: "ಒಣಸ್‌ಗ್ ಬಲೆ!" ಊಟಕ್ಕೆ ಬನ್ನಿ ಎಂದು ನಮ್ಮಿಬ್ಬರನ್ನೂ ಕರೆದದ್ದು. ಅಪ್ಪ ಕೈಯೆತ್ತಿ ನನ್ನ ಬಾಯಿ ಮುಚ್ಚಿಸಿದರು. ನಾನೂ ಓಗೊಡಲಿಲ್ಲ, ಅವರೂ ಓಗೊಡಲಿಲ್ಲ. ಹಾಡು ಮುಗಿದ ಮೇಲೆ ಅಪ್ಪ ಎರಡು ದಿನ ಅಮ್ಮನ ಹತ್ತಿರ ಮಾತಾಡಲಿಲ್ಲ. "ಆಯುಷ್ಯಕ್ಕೆ ಒಂದು ಸಲ ಸಿಕ್ಕಿದ್ದನ್ನು ಹಾಳು ಮಾಡಿದಳು" ಎಂಬ ಒಂದೇ ರಾಗ. ಅಮ್ಮನೇನು ಕಮ್ಮಿಯೇ? "ತಣ್ಣಗಾದ ಗಂಜಿಗೂ ಅವನೇ ಸಂಗೀತ ಕೊಡಲಿ" ಎಂದಳು.

ಎಷ್ಟೋ ವರ್ಷಗಳ ಮೇಲೆ ಠಾಕುರ್ಲಿಯ ಮನೆ ಬಿಟ್ಟು ಠಾಣೆಯ ಮನೆಗೆ ಬರುವಾಗ ನಾನು ಮಾಡಿದ್ದನ್ನು ನೆನೆಸಿದರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಕ್ಯಾಸೆಟ್ಟುಗಳ ಎರಡು ಡಬ್ಬವನ್ನೂ ಅಪ್ಪನಿಗೆ ಹೇಳದೆ, ಗುಜರಿ ಕೊಳ್ಳುವ ಭಂಗಾರ್‌ನವನಿಗೆ ಕೊಟ್ಟುಬಿಟ್ಟೆ. ಮರುವರ್ಷ ಅಮ್ಮ ಹೋದಳು. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಅಪ್ಪ ಕೇಳಿದರು, "ಆ ಕ್ಯಾಸೆಟ್ ಉಂಟಲ್ಲ ಮಗಾ? ಅವಳು ಕರೆದದ್ದು?"

"ಉಂಟಪ್ಪ, ಯಾವುದೋ ಡಬ್ಬದಲ್ಲಿ ಉಂಟು. ಹುಡುಕ್ತೇನೆ" ಎಂದೆ.

ಆ ಸುಳ್ಳಿಗೆ ಈಗ ಹನ್ನೆರಡು ವರ್ಷ. ಅಮ್ಮನ ದನಿ ಬೇರೆಲ್ಲೂ ಇರಲಿಲ್ಲ. ವಿಡಿಯೊ ತೆಗೆಯಲು ಫೋನ್ ಎತ್ತಿದರೆ ಮುಖ ಮುಚ್ಚಿಕೊಳ್ಳುವ ಹೆಂಗಸು. ನನ್ನ ಮದುವೆಯ ವಿಡಿಯೊದಲ್ಲಿ ಅವಳ ಬಾಯಿ ಆಡುತ್ತದೆ, ಕೇಳುವುದು ಮಾತ್ರ ಶಹನಾಯಿ. ಅಪ್ಪ ಹಾಡು ಕೇಳುವುದನ್ನೇ ಬಿಟ್ಟರು. ಎಂದಾದರೂ, "ಸಿಕ್ಕಿತಾ?" ಎಂದಷ್ಟೇ ಕೇಳುತ್ತಿದ್ದರು.

ಹೋದ ವರ್ಷ ಅಪ್ಪನಿಗೆ ಮೆಟ್ಟಿಲು ಹತ್ತಲಾಗದು ಎಂದಾಯಿತು. ಲಿಫ್ಟ್ ಇರುವ ಮನೆ ನೋಡಲು ನಾನು ಕಾಮೋಠೆಗೆ ಹೋದೆ. ಮನೆ ತೋರಿಸಬೇಕಿದ್ದ ಏಜೆಂಟ್ "ಪಾಂಚ್ ಮಿನಿಟ್ ಮ್ಯಾಡಮ್" ಎಂದು ಹೇಳಿ ಅರ್ಧ ಗಂಟೆಯಾಗಿತ್ತು. ಹೊಸ ಕಟ್ಟಡ, ಯಾರೂ ಒಕ್ಕಲು ಬಂದಿಲ್ಲ. ಬಿಸಿಲಿಗೆ ಕಾಗೆಯ ಸದ್ದೂ ಇಲ್ಲ. ಕಿಟಕಿಗಳೆಲ್ಲ ತೆರೆದು ಬಿದ್ದಿದ್ದವು. ನಾನು ಏಜೆಂಟನ ವಂಶವನ್ನೇ ಬೈಯುತ್ತ ಗೇಟಿನಲ್ಲಿ ನಿಂತಿದ್ದೆ.

ಆಗ ಮೇಲಿನ ಯಾವುದೋ ಮಹಡಿಯಿಂದ ಹಾಡು ಕೇಳಿಸಿತು. ಅದೇ ಹಾಡು. ಆದರೆ ಏನೋ ಸರಿಯಿಲ್ಲ. ತುಸು ಅವಸರ, ತುಸು ಎತ್ತರದ ಶ್ರುತಿ. ಅಪ್ಪನ ಟೇಪ್ ರೆಕಾರ್ಡರಿನ ಮೋಟರು ನಿಧಾನ. ಅದರಲ್ಲಿ ಹಿಡಿದದ್ದು ಅದರಲ್ಲಿ ಮಾತ್ರ ಸರಿ ಕೇಳುತ್ತಿತ್ತು. ಬೇರೆಯವರ ಮೆಷಿನ್‌ನಲ್ಲಿ ಹಾಕಿದರೆ ಎಲ್ಲರೂ ರೈಲು ತಪ್ಪಿಸಿಕೊಂಡವರಂತೆ ಹಾಡುತ್ತಿದ್ದರು. ಈ ಹಾಡೂ ಹಾಗೆಯೇ ಓಡುತ್ತಿತ್ತು. ಕೊಳಲು ಬಂತು. ನಿಂತಿತು.

"ಒಣಸ್‌ಗ್ ಬಲೆ!"

ನಾನು ತಲೆಯೆತ್ತಿ ಕಿಟಕಿಗಳನ್ನು ನೋಡಿದೆ. ಅಮ್ಮನೇ. ಆದರೆ ನನ್ನ ಅಮ್ಮನಿಗಿಂತ ಎಳೆಯ ದನಿ, ನನಗಿಂತಲೂ ಚಿಕ್ಕವಳು. ಮಟಮಟ ಮಧ್ಯಾಹ್ನ ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು, ಬದುಕಿರುವವರಾದರೆ ಮೂರು ಸಲ ಕರೆಯುತ್ತಾರೆ ಎಂದು ಹೇಳಿಕೊಟ್ಟವಳೂ ಅವಳೇ. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅಷ್ಟರಲ್ಲಿ ಅದೇ ಮಹಡಿಯಿಂದ ಗಂಡಸೊಬ್ಬನ ದನಿ ಓಗೊಟ್ಟಿತು: "ಬಂದೆ ಯವ್ವಾ!"

ಓಡಿಹೋಗಬೇಕಿತ್ತು. ಆದರೆ ಕಾಲುಗಳು ಮೆಟ್ಟಿಲು ಹತ್ತಿದವು. ಮೂರನೆಯ ಮಹಡಿಯ ಬರಿಯ ಕೋಣೆಯಲ್ಲಿ ನೆಲದ ಮೇಲೊಂದು ಹಳೆಯ ಟೇಪು, ಅದರ ಎದುರು ರೊಟ್ಟಿ ಮುರಿಯುತ್ತ ಕೂತ ಮುದುಕ. ಅಲ್ಲಿಯ ವಾಚ್‌ಮನ್, ಕಲಬುರಗಿ ಕಡೆಯವನು. ನನ್ನ ಮುಖ ನೋಡಿ ನೀರು ಮುಂದಿಟ್ಟ. ನಾನು ಕನ್ನಡದಲ್ಲಿ, "ಈ ಕ್ಯಾಸೆಟ್ ಎಲ್ಲಿಯದು?" ಎಂದೆ.

"ಕನ್ನಡದವ್ರೇನ್ರಿ ಅಕ್ಕೋರ? ಕುಂದರ್ರಿ. ಮೊದಲ ದಿವಾ ಸ್ಟೇಷನ್ ಕಡಿ ಭಂಗಾರ್ ಗೋದಾಮಿನಾಗ ಲೋಡಿಂಗ್ ಮಾಡ್ತಿದ್ದೆ. ಅಲ್ಲಿ ಸಿಕ್ಕಿದ್ದು. ಇದನ್ನ ಮಾಡಿದಾಂವ ಭಾರಿ ಮನಷಾ ಇದ್ದಾನ್ರಿ. ಹಾಡಿನ ನಡುವ ಕೊಳಲು ನಿಲ್ಲಸ್ತಾನ, ತಾಯಿ ಕಡಿಂದ ಕರಸ್ತಾನ. ಯಾವ ಭಾಷಾನೋ ಗೊತ್ತಿಲ್ಲ. ತಾಯಿ ಕರಿಯೂದು ತಿಳಿಯಂಗಿಲ್ಲೇನ್ರಿ? ನಮ್ಮ ಸೂಪರ್‌ವೈಜರ್ ಮೊಬೈಲಿನಾಗ ಇದೇ ಹಾಡು ಹಾಕಿದ್ದ. ಅದರಾಗ ತಾಯಿನ ತಗದ್ ಬಿಟ್ಟಾರ, ಬದ್ಮಾಶರು!"

"ನೀವು ಓಗೊಟ್ಟಿರಲ್ಲ?"

ಅವನು ನಾಚಿದ. "ಕರದಾಗ ಸುಮ್ನ ಕುಂತ್ರ ಹೆಂಗ್ರಿ? ಪಾಪ, ಯಾರೂ ಓ ಅನ್ನಂಗಿಲ್ಲ ಆಕಿಗೆ."

ಅದು ನನ್ನ ತಾಯಿ, ಆ ಕ್ಯಾಸೆಟ್ ಕೊಡಿ ಎನ್ನಲು ಬಾಯಿ ತೆರೆದೆ. ಕೇಳಿದ್ದರೆ ಕೊಟ್ಟೇ ಕೊಡುತ್ತಿದ್ದ. ಆದರೆ ಎಸೆದವಳು ನಾನು, ಇಷ್ಟು ವರ್ಷ ಅವಳ ಕರೆಗೆ ಓಗೊಟ್ಟವನು ಅವನು. ಯಾವ ಮುಖ ಹೊತ್ತು ಕೇಳಲಿ? "ಹೌದು ಅಜ್ಜಾ, ದೊಡ್ಡ ಸಂಗೀತಗಾರನೇ. ಇನ್ನೊಂದು ಸಲ ಹಾಕ್ತೀರಾ?" ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಸುಮ್ಮನಿರಿ ಎಂದು ಕೈಸನ್ನೆ ಮಾಡಿದ್ದೆ. ಆದರೆ ಅಮ್ಮ ಕರೆದ ಕೂಡಲೇ ಅವನು ತಡೆಯಲಾರದೆ "ಬಂದೆ ಯವ್ವಾ" ಎಂದೇಬಿಟ್ಟ. ಎತ್ತಿದ ನನ್ನ ಕೈ ಥೇಟ್ ಅಪ್ಪನ ಕೈಯ ಹಾಗೆ ಗಾಳಿಯಲ್ಲಿ ನಿಂತಿತ್ತು.

ಸಂಜೆ ಅಪ್ಪನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಡಬ್ಬ ಕೊಟ್ಟದ್ದು, ಸುಳ್ಳು ಹೇಳಿದ್ದು, ಎಲ್ಲ. ಅವರು ಬೈಯಲಿಲ್ಲ. "ಹಾಕು" ಎಂದರು. ಫೋನನ್ನು ಅವರ ಕಿವಿಯ ಹತ್ತಿರ ಹಿಡಿದೆ. ಕೊಳಲು ನಿಂತಾಗ ಅವರ ಬೆರಳು ತಾನಾಗಿ ಮೇಲೆದ್ದಿತು. ಅಮ್ಮ ಕರೆದಳು, ಮುದುಕ ಓಗೊಟ್ಟ, ಹಾಡು ಮುಂದುವರಿಯಿತು. ಅಪ್ಪನ ಬೆರಳು ಮೇಲೆಯೇ ಇತ್ತು.

"ಇದನ್ನೂ ಹಾಡು ಕಟ್ಟಿದವನೇ ಮಾಡಿದ್ದು ಅಂತ ಆ ಅಜ್ಜ ನಂಬಿದ್ದಾನೆ" ಎಂದೆ.

"ಅವನೇ ಸರಿ ಕೇಳಿಸಿಕೊಂಡದ್ದು" ಎಂದರು ಅಪ್ಪ. "ಖಾಲಿ ಬಿಟ್ಟದ್ದು ಯಾಕೆ ಅಂತ ನನಗೆ ಗೊತ್ತೇ ಆಗಲಿಲ್ಲ ನೋಡು. ಇನ್ನೊಮ್ಮೆ ಹಾಕು."

ಹಾಕಿದೆ. ಕೊಳಲು ಬಂತು. ನಿಂತಿತು. "ಒಣಸ್‌ಗ್ ಬಲೆ!" ಎಂದಳು ಅಮ್ಮ, ಆ ಎಳೆಯ ದನಿಯಲ್ಲಿ. ಈ ಸಲ ಫೋನಿನೊಳಗಿನ ಮುದುಕನಿಗಿಂತ ಮುಂಚೆ ಅಪ್ಪ ಬಾಗಿಲ ಕಡೆ ತಿರುಗಿದರು.

"ಬರ್ಪೆ ಮಾರಾಯ್ತಿ" ಎಂದರು. ಬರುತ್ತೇನೆ ಎಂದು. "ಒಂಜಿ ನಿಮಿಷ."

ಒಂದೇ ಸಲದ ಕರೆಗೆ ಓಗೊಡಬಾರದು ಎಂಬುದು ನನಗೆ ನೆನಪಿತ್ತು. ತಡೆಯಲು ಕೈ ಎತ್ತಿದ್ದೆ. ಇಳಿಸಿದೆ.