ಮೊಟ್ಟೆ ಡಬ್ಬಿಯಲ್ಲಿ ಹನ್ನೆರಡು ಗುಂಡು

ಶನಿವಾರ, ಬೆಳಗಿನ ಆರೂಮುಕ್ಕಾಲು. ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಕಾಲಡಿಯಲ್ಲಿ ಕರಕರ ಎನ್ನುತ್ತಿದೆ. ಅರ್ಡಿತ್ ಬ್ರೆನೆಮನ್ ಕಂಕುಳಲ್ಲಿ ಕಾಗದದ ತಟ್ಟೆಗಳ ಕಟ್ಟು ಇರುಕಿಕೊಂಡು, ತುಟಿಗಳ ನಡುವೆ ನಾಲ್ಕು ಮೊಳೆ ಕಚ್ಚಿಕೊಂಡು, ಅಂಗಡಿಯ ಹಿಂದಿನ ಬಯಲಿನಲ್ಲಿ ನಡೆಯುತ್ತಿದ್ದಾರೆ. ಐವತ್ತು ಗಜ. ಅಲ್ಲಿ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಹಲಗೆ. ಗುರಿಗೆಂದು ನಾಲ್ಕು ತಟ್ಟೆ ಹಲಗೆಗೆ ಮೊಳೆ ಹೊಡೆದು ತಿರುಗಿ ಬರುತ್ತಾರೆ. ಸಂಜೆಯೊಳಗೆ ಹೀಗೆ ನಲವತ್ತು ಸಲ ಹೋಗಿ ಬರಬೇಕು.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿ ಇನ್ನೂ ಎಲ್ಲರ ಫ್ರಿಜ್‌ನಲ್ಲೂ ಮಿಕ್ಕಿದೆ. ಸೋಮವಾರ ಬೆಳಗಾದರೆ ಒಹಾಯೋದಲ್ಲಿ ಜಿಂಕೆ ಬೇಟೆಯ ವಾರ. ಕ್ಲೋವರ್ ಫೋರ್ಕ್ ಎಂಬ ಈ ಪುಟ್ಟ ಊರಿನಲ್ಲಿ ಅರ್ಧಕ್ಕರ್ಧ ಜನ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡಿಗಿಳಿಯುತ್ತಾರೆ. ಅದಕ್ಕೆ ಮೊದಲು ಅರ್ಡಿತ್ ಮುಂದೆ ನಿಲ್ಲುತ್ತಾರೆ. ಬೇಟೆ ಸಾಮಾನಿನ ಅಂಗಡಿಯ ಹಿಂದಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷಗಳಿಂದ ಸ್ಲಗ್ ಆರಿಸಿಕೊಡುವುದೇ ಈ ಮಹಿಳೆಯ ಕೆಲಸ. ಸ್ಲಗ್ ಎಂದರೆ ಶಾಟ್‌ಗನ್ನಿಗೆ ಹಾಕುವ, ಚರೆಯಂತೆ ಚೆಲ್ಲಿಹೋಗದ, ಹೆಬ್ಬೆರಳ ತುದಿಯಷ್ಟು ದಪ್ಪನೆಯ ಒಂಟಿ ಗುಂಡು.

“ಹನ್ನೆರಡರ ಅಳತೆ ಬಂದೂಕಿಗೆ ಅದೇ ಅಳತೆ ಗುಂಡು, ಅದರಲ್ಲೇನು ಆರಿಸೋದು ಅಂತಾರೆ ಜನ,” ಎನ್ನುತ್ತಾರೆ ಅರ್ಡಿತ್. “ಒಂದೇ ಅಳತೆ ಶೂ ಎಲ್ಲಾ ಕಾಲಿಗೂ ಒಂದೇ ಥರ ಕೂರುತ್ತಾ? ಬಂದೂಕಿಗೂ ನಾಲಿಗೆ ಇದೆ. ಒಂದಕ್ಕೆ ರುಚಿಸಿದ್ದನ್ನ ಇನ್ನೊಂದು ಉಗುಳುತ್ತೆ.”

ಅದಕ್ಕೇ ಮೊಟ್ಟೆ ಡಬ್ಬಿ. ಗುಂಡು ಬರುವುದು ಐದೈದರ ಪೊಟ್ಟಣದಲ್ಲಿ. ಅರ್ಡಿತ್ ಪೊಟ್ಟಣಗಳನ್ನು ಒಡೆದು, ನಾಲ್ಕು ಬಗೆಯಲ್ಲಿ ಮೂರು ಮೂರರಂತೆ ಹನ್ನೆರಡು ಗುಂಡನ್ನು ಖಾಲಿ ಮೊಟ್ಟೆ ಡಬ್ಬಿಯ ಗುಳಿಗಳಲ್ಲಿ ನಿಲ್ಲಿಸುತ್ತಾರೆ. ಗಿರಾಕಿ ಹಿಂದಿನ ಬಯಲಿಗೆ ಹೋಗಿ ಬಗೆಗೊಂದು ತಟ್ಟೆಯಂತೆ ಹೊಡೆಯಬೇಕು. ಯಾವ ಬಗೆಯ ಮೂರು ತೂತು ಒಂದಕ್ಕೊಂದು ಹತ್ತಿರ ಬೀಳುತ್ತವೋ ಅದು ಆ ಬಂದೂಕಿನ ಗುಂಡು. ಅದನ್ನು ಒಂದು ಚೀಟಿಯಲ್ಲಿ ಬರೆದು, ತಾಯಿಯ ಅಡುಗೆ ಚೀಟಿಗಳಿದ್ದ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಈಗ ಅಲ್ಲಿ ನಾನೂರ ಹನ್ನೆರಡು ಬಂದೂಕುಗಳ ಚೀಟಿ ಇವೆ. ಹಳೆಯ ಕೆಲವು ಚೀಟಿಗಳ ಬೆನ್ನಿಗೆ ಇನ್ನೂ ತಾಯಿ ಬರೆದ ಸೇಬಿನ ಕಡುಬಿನ ಅಳತೆ.

ಬೇಟೆಯನ್ನೇ ಬಿಟ್ಟವರೂ ಬರುತ್ತಾರೆ. ಅಂಚೆ ಬಟವಾಡೆಯಿಂದ ನಿವೃತ್ತರಾದ ಮರ್ಲ್ ಹಲ್ಸ್ ಹನ್ನೊಂದು ವರ್ಷದಿಂದ ಒಂದು ಜಿಂಕೆಯನ್ನೂ ಹೊಡೆದಿಲ್ಲ, ಆದರೆ ಬೇಟೆಗೆ ಮುಂಚಿನ ಈ ಶನಿವಾರವನ್ನು ಒಮ್ಮೆಯೂ ತಪ್ಪಿಸಿಲ್ಲ.

“ನನ್ನ ತಟ್ಟೆಗೊಂದು ಜೊತೆ ಕೊಂಬು ಬರೆದುಕೊಡೇ ಅರ್ಡಿತ್, ಮನೇಲಿ ತೋರಿಸ್ಬೇಕು,” ಎನ್ನುತ್ತಾರೆ.

“ಮೊದ್ಲು ತಟ್ಟೆಗೆ ಹೊಡಿ. ಆಮೇಲೆ ಕೊಂಬು, ಬಾಲ ಎಲ್ಲಾ ಬರೆದುಕೊಡ್ತೀನಿ.”

ಈ ಹಟದ ಹಿಂದೆ ಅರ್ಡಿತ್ ಸುಲಭಕ್ಕೆ ಹೇಳದ ಒಂದು ಸಂಗತಿ ಇದೆ. ಅವರಿಗೆ ಆಗ ಇಪ್ಪತ್ತೆರಡು. ನವೆಂಬರಿನಲ್ಲಿ ಒಂದು ಬಗೆಯ ಗುಂಡಿನಿಂದ ಗುರಿ ಹೊಂದಿಸಿಕೊಂಡಿದ್ದರು. ಬೇಟೆಯ ಹಿಂದಿನ ದಿನ ಅಂಗಡಿಯಲ್ಲಿ ಅದು ಮುಗಿದಿತ್ತು. ಎಲ್ಲಾ ಒಂದೇ ಎಂದು ಅಂಗಡಿಯವನು ಬೇರೆಯದನ್ನು ಕೊಟ್ಟ. ಭುಜದ ಹಿಂದೆ ಬೀಳಬೇಕಿದ್ದ ಏಟು ಹೆಣ್ಣು ಜಿಂಕೆಯ ದವಡೆಗೆ ಬಿತ್ತು. ಕತ್ತಲಾಗುವವರೆಗೂ ರಕ್ತದ ಹನಿ ಹಿಡಿದು ಹೋದರು. ಮರುದಿನವೂ ಹೋದರು. ಒಂಬತ್ತನೆಯ ದಿನ ತೊರೆಯ ಬದಿಯಲ್ಲಿ ಕಾಗೆಗಳು ತೋರಿಸಿಕೊಟ್ಟವು. ಹೊಟ್ಟೆ ಬೆನ್ನಿಗೆ ಅಂಟಿತ್ತು.

“ಗಾಯದಿಂದ ಸತ್ತಿದ್ದಲ್ಲ ಅದು. ಹಸಿವಿಂದ ಸತ್ತಿದ್ದು,” ಎನ್ನುತ್ತಾರೆ. ಕೈಯಲ್ಲಿದ್ದ ಗುಂಡನ್ನು ಗುಳಿಯಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ.

ಈ ವರ್ಷ ಅಂಗಡಿ ಕೈ ಬದಲಾಗಿದೆ. ಹೊಸ ಯಜಮಾನ ಕೆಂಟ್ ವೈಡ್ನರ್ ಕೆಟ್ಟವರಲ್ಲ. ಬಂದೂಕು ಹಿಡಿದವರಲ್ಲ, ಅಷ್ಟೇ. ಒಂದೇ ಬಗೆಯ ಗುಂಡನ್ನು ಲಾರಿಗಟ್ಟಲೆ ತರಿಸಿ ಬಾಗಿಲ ಬಳಿಯೇ ಎದೆಮಟ್ಟ ಪೇರಿಸಿದ್ದಾರೆ. ಪ್ಲಾಸ್ಟಿಕ್ ಅಂಗಿ ತೊಟ್ಟ, ನೋಡಲು ಚೆಂದದ ದುಬಾರಿ ಗುಂಡು. ನಳಿಗೆಯೊಳಗೆ ತಿರುಪಿನಂತೆ ಗೆರೆ ಕೊರೆದಿದ್ದರೆ ಇದು ಗಿರ್ರನೆ ಸುತ್ತುತ್ತ ನೂರು ಗಜ ನೆಟ್ಟಗೆ ಹೋಗುತ್ತದೆ. ನುಣುಪು ನಳಿಗೆಯಲ್ಲಿ ಅದನ್ನು ಸುತ್ತಿಸುವಂಥದ್ದು ಏನೂ ಇಲ್ಲ, ಗುಂಡು ದಾರಿ ತಪ್ಪುತ್ತದೆ. ಈ ಊರಿನ ಮುಕ್ಕಾಲು ಬಂದೂಕುಗಳು ಅಪ್ಪ, ಅಜ್ಜಂದಿರ ಕಾಲದ ನುಣುಪು ನಳಿಗೆಯವು.

ಶುಕ್ರವಾರವೇ ಕೆಂಟ್ ಹೇಳಿಯಾಗಿದೆ: “ಇನ್ಮೇಲೆ ಮೊಟ್ಟೆ ಡಬ್ಬಿ ಬೇಡ ಅರ್ಡಿತ್. ಒಡೆದ ಪೊಟ್ಟಣನ ಕಂಪನಿಯೋರು ವಾಪಸ್ ತಗೊಳಲ್ಲ. ಯಾರೇ ಕೇಳ್ಲಿ, ಬಾಗಿಲ ಹತ್ರ ಇರೋದನ್ನ ತೋರಿಸಿ. ಆಗಲ್ಲ ಅಂದ್ರೆ ಕೌಂಟರಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ.”

“ನೋಡಿ,” ಎಂದರಂತೆ ಅರ್ಡಿತ್. ಶನಿವಾರ ಎಂದಿಗಿಂತ ಹತ್ತು ಡಬ್ಬಿ ಹೆಚ್ಚು ತುಂಬಿಸಿಟ್ಟಿದ್ದಾರೆ.

ಹತ್ತು ಗಂಟೆಗೆ ಶೆಲ್ಲಿ ಗ್ರಬ್ ಬರುತ್ತಾಳೆ. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅವರ ನುಣುಪು ನಳಿಗೆಯ ಬಂದೂಕು ಇವಳ ಪಾಲಿಗೆ ಬಂದಿದೆ. ಇದು ಮೊದಲ ಬೇಟೆ. ಅಷ್ಟರಲ್ಲಾಗಲೇ ಕೆಂಟ್ ಬಾಗಿಲ ಬಳಿ ಎರಡು ಪೊಟ್ಟಣ ಅವಳ ಕೈಗಿಟ್ಟಿದ್ದಾರೆ. ಅರ್ಡಿತ್ ಕೌಂಟರ್ ಬಿಟ್ಟು ನಡೆದು ಬಂದು, ಅವಳ ಕೈಯಿಂದ ಒಂದು ಪೊಟ್ಟಣ ಎತ್ತಿಕೊಂಡು ಒಡೆದುಬಿಡುತ್ತಾರೆ.

“ಅರ್ಡಿತ್,” ಎನ್ನುತ್ತಾರೆ ಕೆಂಟ್, “ಇದು ಕಡೇ ಸಲ ಹೇಳ್ತಿರೋದು.”

“ಕೇಳಿಸ್ತು. ಎಡಗಿವಿ ಮಂದ, ಆದ್ರೆ ನೀವು ಬಲಗಡೆ ನಿಂತಿದ್ದೀರಿ. ಬಾ ಶೆಲ್ಲಿ, ಬಂದೂಕು ತಗೋ. ಕೆಂಟ್, ನೀವೂ ಬನ್ನಿ. ಕೆಲಸದಿಂದ ತೆಗಿಯೋದಿದ್ರೆ ಅಲ್ಲೇ ತೆಗೀರಿ, ಗಾಳಿ ಚೆನ್ನಾಗಿದೆ.”

ಬಯಲಿನಂಚಿನಲ್ಲಿ ಕೂತಿದ್ದ ಮರ್ಲ್ ತಮ್ಮ ಕುರ್ಚಿಯನ್ನು ಒಂದು ಮೊಳ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಶೆಲ್ಲಿ ಬಯಲಿನ ಮೇಜಿಗೆ ಮೊಣಕೈ ಊರಿ ಚೆಂದದ ಗುಂಡು ಮೂರು ಹೊಡೆಯುತ್ತಾಳೆ. ಬಂದೂಕು ಒದ್ದ ಏಟಿಗೆ ಕಣ್ಣಲ್ಲಿ ನೀರು. ಅರ್ಡಿತ್ ಹೋಗಿ ತಟ್ಟೆ ಕಿತ್ತು ತರುತ್ತಾರೆ. ಒಂದು ಏಟು ಅಂಚಿನಲ್ಲಿ. ಇನ್ನೊಂದರ ತೂತು ದುಂಡಗಿಲ್ಲ, ಬೀಗದ ಕಿಂಡಿಯಂತೆ ಉದ್ದಕ್ಕಿದೆ. ಗುಂಡು ಲಾಗ ಹಾಕುತ್ತ ಅಡ್ಡಡ್ಡ ಬಿದ್ದಿದೆ. ಮೂರನೆಯದು ತಟ್ಟೆಯಲ್ಲೇ ಇಲ್ಲ.

“ನಂಗೇ ಹೊಡಿಯೋಕೆ ಬರಲ್ಲ ಅನ್ಸುತ್ತೆ,” ಎನ್ನುತ್ತಾಳೆ ಶೆಲ್ಲಿ.

“ನಿಂಗೆ ಬರುತ್ತೆ ಕಣೇ. ಇದು ನಿಮ್ಮಪ್ಪನ ಬಂದೂಕು ಉಗುಳಿದ್ದು.”

ಮೊಟ್ಟೆ ಡಬ್ಬಿ ತೆರೆಯುತ್ತದೆ. ಮೊದಲ ಬಗೆ, ಪರವಾಗಿಲ್ಲ. ಎರಡನೆಯದು ಎಡಕ್ಕೆ ಎಳೆಯುತ್ತದೆ. ಮೂರನೆಯದು ಇರುವುದರಲ್ಲೇ ಅಗ್ಗದ್ದು, ಹಳೇ ಮಾದರಿಯ ಬರೀ ಸೀಸದ ಗುಂಡು. ಆ ತಟ್ಟೆಯನ್ನು ಮೇಜಿನ ಮೇಲಿಟ್ಟು ಅರ್ಡಿತ್ ತಮ್ಮ ಕಾಫಿ ಲೋಟವನ್ನು ಅದರ ಮೇಲೆ ಇಡುತ್ತಾರೆ. ಮೂರು ತೂತೂ ಲೋಟದಡಿ ಮುಚ್ಚಿಹೋಗುತ್ತವೆ. ನಾಲ್ಕನೆಯ ಬಗೆ ಬೇಕಾಗುವುದಿಲ್ಲ.

“ಇದನ್ನೇ ತಗೋ. ಸೋಮವಾರನೂ ಇದೇ, ಬರೋ ವರ್ಷನೂ ಇದೇ. ಯಾರು ಏನೇ ಹೇಳ್ಲಿ.”

ಚೀಟಿ ಬರೆದದ್ದಾಯಿತು: ನಾನೂರ ಹದಿಮೂರು. ಆಮೇಲೆ ಅರ್ಡಿತ್ ಆ ಮೊದಲ ತಟ್ಟೆಯನ್ನು ಒಳಗೆ ಒಯ್ದು, ಬಾಗಿಲ ಬಳಿಯ ಎದೆಮಟ್ಟದ ರಾಶಿಗೆ ಎಲ್ಲರಿಗೂ ಕಾಣುವಂತೆ ಮೊಳೆಯಿಂದ ಚುಚ್ಚುತ್ತಾರೆ. ಕೆಳಗೆ ದಪ್ಪಕ್ಷರದಲ್ಲಿ ಬರೆಯುತ್ತಾರೆ: ನುಣುಪು ನಳಿಗೆ, ಐವತ್ತು ಗಜ. ಕೆಂಟ್ ಕೀಳುತ್ತಾರೆ. ಅರ್ಡಿತ್ ಮತ್ತೆ ಚುಚ್ಚುತ್ತಾರೆ. ಎರಡನೆಯ ಸಲ ಕೀಳಲು ಬಂದ ಕೈ ಬೀಗದ ಕಿಂಡಿಯಂಥ ಆ ತೂತಿನ ಮುಂದೆ ತುಸು ಹೊತ್ತು ನಿಲ್ಲುತ್ತದೆ.

“ಸೋಮವಾರ ಮಾತಾಡೋಣ,” ಎಂದು ಕೆಂಟ್ ಒಳಗೆ ಹೋಗುತ್ತಾರೆ. ತಟ್ಟೆ ಅಲ್ಲೇ ಉಳಿಯುತ್ತದೆ.

ಕೆಲಸ ಹೋದರೆ? ಅರ್ಡಿತ್ ಭುಜ ಕುಣಿಸುತ್ತಾರೆ. “ಪೆಟ್ಟಿಗೆ ನನ್ನಮ್ಮನದು, ಎತ್ಕೊಂಡು ಹೋಗ್ತೀನಿ. ನಮ್ಮನೆ ಹಿಂದೇನೂ ಐವತ್ತು ಗಜ ಇದೆ. ನಾನು ಸತ್ತ ಮೇಲೆ ಆ ಚೀಟಿಗಳನ್ನ ಯಾರೂ ಒಲೆಗೆ ಹಾಕದಿದ್ರೆ ಸಾಕು.”

ಸೋಮವಾರ, ಏಳು ಗಂಟೆ ದಾಟಿದೆ. ಅಂಗಡಿ ಇನ್ನೂ ತೆರೆದಿಲ್ಲ. ಅರ್ಡಿತ್ ಹಿಂಬಾಗಿಲ ಮೆಟ್ಟಿಲ ಮೇಲೆ ಟೊಪ್ಪಿಯನ್ನು ಮೇಲೆತ್ತಿ, ಬಲಗಿವಿಯನ್ನು ಕಾಡಿನ ಕಡೆಗೆ ತಿರುಗಿಸಿ ನಿಂತಿದ್ದಾರೆ. ಬೇಟೆಯ ಮೊದಲ ಬೆಳಗನ್ನು ಅವರು ಪ್ರತಿವರ್ಷ ಹೀಗೇ ಕಳೆಯುತ್ತಾರೆ. ಬೆನ್ನುಬೆನ್ನಿಗೆ ಮೂರು ಸದ್ದು ಬಂದರೆ ಯಾವುದೋ ಜಿಂಕೆ ಓಡುತ್ತಿದೆ. ಎರಡು ಬಂದರೆ ಹೇಳುವಂತಿಲ್ಲ. ಒಂದೇ ಆದರೆ ಜಿಂಕೆ ಅಲ್ಲೇ ಬಿದ್ದಿದೆ.

ಪೂರ್ವದ ದಿಬ್ಬದಿಂದ, ಶೆಲ್ಲಿ ಕೂತಿರುವ ಮರಗಳ ಕಡೆಯಿಂದ, ಒಂದು ಸದ್ದು ಉರುಳಿ ಬರುತ್ತದೆ.

ಅಷ್ಟರಲ್ಲಿ ಕೆಂಟ್ ಕಾರಿನಿಂದ ಇಳಿದು ಬಂದು ಬಾಯಿ ತೆರೆಯುತ್ತಾರೆ. ಅರ್ಡಿತ್ ತಿರುಗಿ ನೋಡದೆ ಕೈಯೆತ್ತಿ ತಡೆಯುತ್ತಾರೆ. ಅವರ ತುಟಿ ಅಲುಗುತ್ತಿದೆ, ಎಣಿಸುತ್ತಿದ್ದಾರೆ. ಅರವತ್ತರವರೆಗೂ ಎಣಿಸಿದ್ದಾಯಿತು. ಎರಡನೆಯ ಸದ್ದು ಬರಲಿಲ್ಲ.

“ಈಗ ಹೇಳಿ,” ಎಂದು ಟೊಪ್ಪಿಯನ್ನು ಕೆಳಗೆಳೆದುಕೊಳ್ಳುತ್ತಾರೆ. “ತೆಗೀತೀರೋ, ಇಟ್ಕೋತೀರೋ?”

ಕೆಂಟ್ ಕಂಕುಳಿನಿಂದ ಒಂದು ಖಾಲಿ ಮೊಟ್ಟೆ ಡಬ್ಬಿ ತೆಗೆದು ಮೆಟ್ಟಿಲ ಮೇಲಿಡುತ್ತಾರೆ. “ಮನೇಲಿತ್ತು,” ಎನ್ನುತ್ತಾರೆ, ನೆಲ ನೋಡುತ್ತ.

ಅರ್ಡಿತ್ ಡಬ್ಬಿಯನ್ನು ಎತ್ತಿ, ತಿರುಗಿಸಿ ನೋಡುತ್ತಾರೆ.

“ಇದು ಹದಿನೆಂಟರದ್ದು ಕೆಂಟ್. ನಮ್ಮದು ಹನ್ನೆರಡರದ್ದು,” ಎಂದವರೇ ಜೇಬಿನಿಂದ ಚಾಕು ತೆಗೆದು, ಆರು ಗುಳಿಯ ಒಂದು ಸಾಲನ್ನು ಉದ್ದಕ್ಕೆ ಕತ್ತರಿಸಿ ಅವರ ಕೈಗಿಟ್ಟು, ಉಳಿದ ಹನ್ನೆರಡರದ್ದನ್ನು ಹಿಡಿದು ಒಳಗೆ ಹೋಗಿ ದೀಪ ಹಾಕುತ್ತಾರೆ.