ಬುಧವಾರದ ದನಿ

ಅಮೆರಿಕದ ಮೆಂಫಿಸ್ ನಗರದ ಆರೆಂಜ್ ಮೌಂಡ್ ಬಡಾವಣೆಯ ಜನ ಲವೆಲ್ ಪೆಟಿಗ್ರೂನನ್ನು ಎರಡು ಕೆಲಸಕ್ಕೆ ಕರೆಯುತ್ತಿದ್ದರು. ಬೇಸಿಗೆಯಲ್ಲಿ ಏಸಿ ಕೆಟ್ಟರೆ ಒಂದು, ಮನೆಯ ಹುಡುಗ ರ‍್ಯಾಪ್ ಮಾಡುತ್ತೇನೆಂದು ಹಟ ಹಿಡಿದರೆ ಇನ್ನೊಂದು. ಏಸಿ ರಿಪೇರಿ ಹೊಟ್ಟೆಪಾಡು, ಹಾಡು ಮಾಡಿಸುವುದು ಹುಚ್ಚು. ಪ್ರೊಡ್ಯೂಸರ್ ಎಂದು ಹೆಸರೇನೋ ಇತ್ತು. ಸಿನಿಮಾದವರ ಹಾಗೆ ದುಡ್ಡು ಸುರಿಯುವ ಆಸಾಮಿ ಎಂದುಕೊಳ್ಳಬೇಡಿ ಮತ್ತೆ, ಅವನ ಬಂಡವಾಳವೆಲ್ಲ ಎರಡು ಕಿವಿ. ಬೀಟು ಕಟ್ಟುವುದು, ಹುಡುಗರನ್ನು ಕೂರಿಸಿ ಹಾಡಿಸುವುದು, ಹಾಡಿದ್ದರಲ್ಲಿ ಮುಕ್ಕಾಲು ಪಾಲು ಕತ್ತರಿಸಿ ಬಿಸಾಡುವುದು. ಮನೆಯ ಹಿಂದಿನ ಗ್ಯಾರೇಜಿನ ಗೋಡೆಗೆ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದ. ಮೆಂಫಿಸ್ಸಿನ ಸೆಕೆಯಲ್ಲಿ ಅದರೊಳಗೆ ಕೂತವನು ಬೆಂದು ಹೋಗುತ್ತಿದ್ದ. ಊರಿನ ಏಸಿಯೆಲ್ಲ ರಿಪೇರಿ ಮಾಡುವವನ ಗ್ಯಾರೇಜಿನಲ್ಲಿ ಏಸಿ ಇರಲಿಲ್ಲ. ಸದ್ದು ಮಾಡುತ್ತದೆ, ರೆಕಾರ್ಡಿಂಗ್ ಕೆಡುತ್ತದೆ ಎನ್ನುತ್ತಿದ್ದ.

ಇದಲ್ಲದೆ ಅವನಿಗೆ ದೇವರ ಕೆಲಸವೂ ಒಂದಿತ್ತು. ಮೂಲೆಯ ಇಟ್ಟಿಗೆ ಚರ್ಚಿನಲ್ಲಿ ಮೈಕು, ಸ್ಪೀಕರು ನೋಡಿಕೊಳ್ಳುವವನು ಅವನೇ. ಹಾಸಿಗೆ ಹಿಡಿದ ಹಿರಿಯರಿಗೆ ತಲುಪಿಸಲೆಂದು ಪ್ರತಿ ಆರಾಧನೆಯನ್ನೂ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುತ್ತಿದ್ದ. ಆದರೆ ಬುಧವಾರದ ಪ್ರಾರ್ಥನಾ ಕೂಟದಲ್ಲಿ ಜನ ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ಹೇಳುವ ಹೊತ್ತು ಬಂತೆಂದರೆ ಮೆಷಿನ್ ಆರಿಸಬೇಕು. ಕುಡಿದದ್ದು, ಕದ್ದದ್ದು, ಗಂಡನಿಗೆ ಮೋಸ ಮಾಡಿದ್ದು, ದೇವರು ಅದರಿಂದ ಎತ್ತಿದ್ದು, ಎಲ್ಲವೂ ಅಲ್ಲಿ ಹೊರಗೆ ಬರುತ್ತದೆ. "ಸಾವಕಾಶ ಹೇಳವ್ವ" ಎಂದು ಸಭೆ ಒತ್ತಾಸೆ ಕೊಡುತ್ತದೆ. ಕೇಳಿದ್ದನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಮನೆಗೆ ಹೋಗುತ್ತದೆ. ಬಾಗಿಲಾಚೆ ಯಾರೂ ಅದರ ಸುದ್ದಿ ಎತ್ತುವುದಿಲ್ಲ, ಸ್ವಂತ ಗಂಡ ಹೆಂಡಿರೂ ಎತ್ತುವುದಿಲ್ಲ. ಲವೆಲ್ ಮಾತ್ರ ಒಂದು ದಿನವೂ ಎದ್ದವನಲ್ಲ. ಯಾರಾದರೂ ಕೆಣಕಿದರೆ, "ನನ್ನ ಸಾಕ್ಷಿಯೆಲ್ಲ ಈ ಮೆಷಿನ್ನಿನ ಗುಂಡಿಗಳಲ್ಲಿದೆ" ಎಂದು ನಕ್ಕು ಜಾರಿಕೊಳ್ಳುತ್ತಿದ್ದ.

ಅರ್ಲೀನ್ ಓಕ್ಲಿ ಆ ಚರ್ಚಿನ ಬಾಗಿಲಲ್ಲಿ ಬಿಳಿ ಉಡುಪು, ಬಿಳಿ ಗ್ಲೌಸು ತೊಟ್ಟು ಜನರನ್ನು ಕರೆದು ಕೂರಿಸುವ ಹೆಂಗಸು. ಅವಳ ಒಬ್ಬನೇ ಮಗ ಜವಾರಿಸ್. ಇಬ್ಬರು ಗೆಳೆಯರ ಜೊತೆ ಸೇರಿ ತಂಡ ಕಟ್ಟಿಕೊಂಡು ರ‍್ಯಾಪ್ ಹಾಡುತ್ತಿದ್ದ. ತಂಡ ಒಡೆಯಿತು. ಒಂಟಿಯಾಗಿ ಆಲ್ಬಂ ಮಾಡುತ್ತೇನೆಂದು ಲವೆಲ್‌ನ ಗ್ಯಾರೇಜಿಗೆ ಬಂದ. ಬಂದವನು ಮೈಕಿನ ಮುಂದೆ ನಿಂತು ಕಾರು, ಕೋವಿ, ಚಿನ್ನದ ಸರ ಎಂದು ಅರ್ಧ ಗಂಟೆ ಅರಚಿದ.

"ಆ ಕಾರು ಎಲ್ಲಿ ನಿಲ್ಲಿಸಿದ್ದೀಯಪ್ಪ?" ಎಂದ ಲವೆಲ್.

"ಯಾವ ಕಾರು, ಮಾಮ?"

"ಈಗ ಹಾಡಿದ್ಯಲ್ಲ, ಅದು. ನೀನು ಬಸ್ಸಲ್ಲಿ ಬಂದಿದ್ದು ನಾನೇ ನೋಡ್ದೆ."

ಜವಾರಿಸ್ ತಲೆ ಕೆರೆದುಕೊಂಡ. ಲವೆಲ್ ಅಡುಗೆಮನೆಯಿಂದ ಕುರ್ಚಿ ತಂದು ಹಾಕಿದ. ನಿಂತರೆ ನೀನು ಊರಿಗೆಲ್ಲ ಹಾಡುತ್ತೀಯ, ಕೂತು ಒಬ್ಬರಿಗೆ ಹೇಳು ಎಂದ. ಅಂದಿನಿಂದ ಅದೇ ನಿಯಮವಾಯಿತು. ರೆಕಾರ್ಡಿಂಗ್ ಶುರುಮಾಡುವ ಮುಂಚೆ ಲವೆಲ್ ಪ್ರತಿ ಸಲ ಕೇಳುತ್ತಿದ್ದ: "ಯಾರಿಗೆ ಹೇಳ್ತಿದ್ದೀಯ?" ಉತ್ತರ ಬರದಿದ್ದರೆ ಮೆಷಿನ್ ಒತ್ತುತ್ತಿರಲಿಲ್ಲ. ಸತ್ತ ಸೋದರಮಾವನಿಗೆ ಒಂದು ಹಾಡು, ಶಾಲೆಯಿಂದ ಓಡಿಸಿದ ಹೆಡ್‌ಮಾಸ್ಟರಿಗೆ ಒಂದು, ತಂಡ ಒಡೆದ ಗೆಳೆಯನಿಗೆ ಎರಡು. ಹೀಗೆ ಮೊದಲ ಆಲ್ಬಂ ಹುಟ್ಟಿತು. ಆ ಬೇಸಿಗೆ ಕ್ಷೌರದಂಗಡಿಯಲ್ಲಿ, ಮೀನು ಕರಿಯುವ ಅಂಗಡಿಯ ಮುಂದೆ, ನಿಂತ ಕಾರುಗಳ ಕಿಟಕಿಯಲ್ಲಿ ಅದೇ ಹಾಡು. ಲವೆಲ್ ಅದನ್ನು ಕೇಳಿದಾಗಲೆಲ್ಲ ಬೇಕೆಂದೇ ನಡಿಗೆ ನಿಧಾನ ಮಾಡುತ್ತಿದ್ದ. ಯಾರಾದರೂ ಗುರುತಿಸಲಿ ಎಂಬ ಆಸೆ. ಇರಲಿ ಬಿಡಿ, ಆಸೆ ಯಾರಿಗಿಲ್ಲ?

ಗ್ರಹಚಾರ ಕೆಟ್ಟದ್ದು ಎರಡನೆಯ ಆಲ್ಬಮ್ಮಿನಲ್ಲಿ. ಅಷ್ಟು ಹೊತ್ತಿಗೆ ಅಟ್ಲಾಂಟಾದ ಒಂದು ಕಂಪನಿ ಜವಾರಿಸ್‌ಗೆ ಗಾಳ ಹಾಕಿತ್ತು. ನಮ್ಮಲ್ಲಿ ಬಾ, ದೊಡ್ಡ ಪ್ರೊಡ್ಯೂಸರ್‌ಗಳಿದ್ದಾರೆ ಎಂದು ಕರೆಯುತ್ತಿತ್ತು. ಹುಡುಗ ಒಪ್ಪಿರಲಿಲ್ಲ. ಆದರೆ ಲವೆಲ್‌ನ ಎದೆಯೊಳಗೆ ಹುಳ ಹೊಕ್ಕಿತು. ಈ ಆಲ್ಬಂ ಮೊದಲಿನದನ್ನು ಮೀರಿಸದಿದ್ದರೆ ಇವನು ಕೈಬಿಟ್ಟುಹೋಗುತ್ತಾನೆ, ನಾನು ಮತ್ತೆ ಬರೀ ಏಸಿ ರಿಪೇರಿಯವನು. ಹಾಡುಗಳೆಲ್ಲ ಚೆನ್ನಾಗಿಯೇ ಬಂದವು. ಕೊನೆಯದೊಂದು ಮಾತ್ರ ಸಪ್ಪೆ. ಏನು ಮಾಡಿದರೂ ಉಪ್ಪು ಹತ್ತಲಿಲ್ಲ.

ಆಗ ಅವನಿಗೆ ಶೂ ಡಬ್ಬಿಯೊಳಗಿನ ಕ್ಯಾಸೆಟ್ ನೆನಪಾಯಿತು.

ವರ್ಷಗಳ ಹಿಂದಿನ ಒಂದು ಬುಧವಾರ ಅರ್ಲೀನ್ ಸಾಕ್ಷಿ ಹೇಳಲು ಎದ್ದಿದ್ದಳು. ಮೆಷಿನ್ ಆರಿಸಲು ಲವೆಲ್ ಕೈ ಚಾಚಿದ್ದ. ಅಷ್ಟರಲ್ಲಿ ಅವಳ ದನಿ ಹೊರಟಿತು. ಮಾತೂ ಅಲ್ಲ, ಹಾಡೂ ಅಲ್ಲ, ನಡುವೆ ಎಲ್ಲೋ. ಚಾಚಿದ ಕೈ ಅಲ್ಲೇ ನಿಂತಿತು. ಮರೆತು ನಿಂತದ್ದಲ್ಲ, ಕಿವಿಯ ದುರಾಸೆಗೆ ನಿಂತದ್ದು. ಗಂಡ ಬಿಟ್ಟುಹೋದ ವರ್ಷ, ಕೈಯಲ್ಲಿ ಕಾಸಿಲ್ಲದೆ, ಹಸುಗೂಸನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗಿಸಿ ತಾನು ಎದ್ದು ಹೋಗಿದ್ದನ್ನು ಅವಳು ಹೇಳಿದ್ದಳು. "ಬೆಂಚಿನ ಮೇಲೆ ಕೂಸು. ಮೂಲೆ ತನಕ ಹೋದೆ. ಕರ್ತ ನನ್ನ ಕಾಲು ಹಿಡ್ಕೊಂಡ. ತಿರುಗಿ ಬಂದೆ, ತಿರುಗಿ ಬಂದೆ." ಸಭೆ ಅತ್ತಿತು, ಕೇಳಿದ್ದನ್ನು ನುಂಗಿಕೊಂಡಿತು. ಆ ಕೂಸು ಬೆಳೆದು ಜವಾರಿಸ್ ಆದ, ಅವನಿಗೆ ಇದು ಗೊತ್ತಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಲವೆಲ್ ಆ ಕ್ಯಾಸೆಟ್ಟನ್ನು ಅಳಿಸಬೇಕಿತ್ತು. ಅಳಿಸಲಿಲ್ಲ.

ಈಗ ಅದನ್ನು ತೆಗೆದು, ಆ ನಾಲ್ಕು ಮಾತುಗಳಲ್ಲಿ ಕರ್ತನನ್ನು ಬಿಟ್ಟು ಉಳಿದ ಮೂರನ್ನು ಕತ್ತರಿಸಿಕೊಂಡ. ವೇಗ ಹೆಚ್ಚಿಸಿ ದನಿಯನ್ನು ಚಿಕ್ಕ ಹುಡುಗಿಯದೋ ಎಂಬಂತೆ ತೆಳ್ಳಗೆ ಮಾಡಿ ಬೀಟಿನ ಕೆಳಗೆ ಕೂರಿಸಿದ. ಹಳೆಯ ದನಿಯನ್ನು ಹೀಗೆ ಎಳೆದು ಹಿಗ್ಗಿಸಿ ಹೊಸ ಹಾಡಿಗೆ ಹೊಲಿಯುವುದು ಈ ಕಸುಬಿನಲ್ಲಿ ದಿನನಿತ್ಯದ ಕೆಲಸ. ಯಾರಿಗೂ ಗುರುತು ಸಿಗುವುದಿಲ್ಲ ಎಂದುಕೊಂಡ. ಹಾಡು ಎದ್ದು ಕೂತಿತು.

"ಯಾರ ದನಿ ಮಾಮ ಇದು?" ಎಂದ ಜವಾರಿಸ್.

"ಯಾವುದೋ ಹಳೇ ಚರ್ಚ್ ರೆಕಾರ್ಡು ಕಣೋ. ಬರಿ ನೀನು."

ಹುಡುಗ ಅದನ್ನು ಫೋನಿಗೆ ಹಾಕಿಕೊಂಡು ಹೋದ. ಆಮೇಲೆ ಕೆಲವು ದಿನ ಪತ್ತೆಯಿಲ್ಲ. ಬಂದವನು ಕುರ್ಚಿಯಲ್ಲಿ ಕೂತ. ಯಾರಿಗೆ ಹೇಳ್ತಿದ್ದೀಯ ಎಂದು ಲವೆಲ್ ಕೇಳಿದರೆ ಸುಮ್ಮನೆ ನಕ್ಕು, "ನಿಂಗೆ ಗೊತ್ತಿಲ್ವಾ?" ಎಂದ. ಬಿಟ್ಟುಹೋದ ಅಪ್ಪನಿಗೆ ಇರಬೇಕು ಎಂದುಕೊಂಡು ಲವೆಲ್ ಮೆಷಿನ್ ಒತ್ತಿದ. ಹೋದ ಹೆಜ್ಜೆಗಳ ಲೆಕ್ಕ ನನಗೆ ಬೇಡ, ಬಂದ ಹೆಜ್ಜೆ ಸಾಕು ಎಂದು ಹುಡುಗ ಮೆತ್ತಗೆ, ಒಂದೇ ಉಸಿರಿಗೆ ಹೇಳಿ ಮುಗಿಸಿದ. ಎರಡನೆಯ ಸಲ ಹೇಳಿಸುವ ಅಗತ್ಯವೇ ಬೀಳಲಿಲ್ಲ. ಅಟ್ಲಾಂಟಾದವರು ಬಂದು ನೋಡಲಿ ಈಗ, ಎಂದು ಲವೆಲ್ ಬೀಗಿದ.

ಅವನ ಪದ್ಧತಿಯೊಂದಿತ್ತು. ಕಾರಿನಲ್ಲಿ ಕೇಳದೆ ಯಾವ ಹಾಡೂ ಮುಗಿದ ಲೆಕ್ಕವಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ತನ್ನ ಹಳೆಯ ಬ್ಯೂಕ್ ಕಾರಿನಲ್ಲಿ ಜವಾರಿಸ್‌ನನ್ನು ಚಾಲಕನ ಸೀಟಿಗೆ ಕೂರಿಸಿ, ತಾನು ಪಕ್ಕದಲ್ಲಿ ಕೂತು, ಊರು ಸುತ್ತುತ್ತಾ ಆಲ್ಬಂ ಹಾಕಲು ಹೊರಟ. ಆಗ ಜವಾರಿಸ್ ಕೂಗಿದ: "ಅಮ್ಮ, ಬಾ, ಹತ್ತು. ಮನೆಗೆ ಬಿಡ್ತೀವಿ." ಲವೆಲ್‌ಗೆ ಬೇಡ ಎನ್ನಲು ನೆಪ ಸಿಗಲಿಲ್ಲ. ಅರ್ಲೀನ್ ಬಿಳಿ ಗ್ಲೌಸು ಬಿಚ್ಚುತ್ತಾ ಹಿಂದಿನ ಸೀಟಿನಲ್ಲಿ ಕೂತಳು.

ಕೊನೆಯ ಹಾಡು ಬಂತು. ತೆಳ್ಳಗಿನ ದನಿ ಎದ್ದಿತು. ಬೆಂಚಿನ ಮೇಲೆ ಕೂಸು. ಮೂಲೆ ತನಕ ಹೋದೆ. ಲವೆಲ್ ಎದುರಿನ ರಸ್ತೆಯನ್ನೇ ನೋಡುತ್ತಾ ಕೂತ. ಜವಾರಿಸ್ ಕನ್ನಡಿಯಲ್ಲಿ ತಾಯಿಯನ್ನು ನೋಡಿ ನಗುತ್ತಿದ್ದ. ಹಾಡು ಮುಗಿದ ಮೇಲೆ ಅವಳು, "ಸ್ವಲ್ಪ ಸಣ್ಣ ಮಾಡಪ್ಪ, ತಲೆ ನೋಯ್ತಿದೆ" ಎಂದಳು, ಅಷ್ಟೆ. ಮನೆಯ ಮುಂದೆ ಇಳಿದಾಗ ಮಗ ಡಿಕ್ಕಿಯಿಂದ ಅವಳ ಚೀಲ ತೆಗೆಯುತ್ತಿದ್ದ. ಅವಳು ಲವೆಲ್‌ನ ಕಿಟಕಿಯ ಹತ್ತಿರ ಬಗ್ಗಿದಳು.

"ಮೆಷಿನ್ ಆಫ್ ಆಗಿದೆ ಅಂದ್ಕೊಂಡಿದ್ದೆ, ಲವೆಲ್."

"ಅಕ್ಕ..."

"ಅವನಿಗೆ ಗೊತ್ತಾ?"

"ಇಲ್ಲ ಅಕ್ಕ. ಆಣೆಗೂ ಇಲ್ಲ."

"ಅವನು ತೊಟ್ಟಿಲಲ್ಲಿದ್ದಾಗಿಂದ ನಾನು ಅವನ ಮುಖ ನೋಡಿ ಬದುಕಿದ್ದೀನಿ. ಅದನ್ನ ಕಿತ್ಕೋಬೇಡ. ಹಾಡಿಂದ ನನ್ನ ದನಿ ತೆಗೆದುಬಿಡು."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಲವೆಲ್ ಮನೆಗೆ ಬಂದು ಊಟ ಮಾಡದೆ ಗ್ಯಾರೇಜಿನಲ್ಲಿ ಕೂತ. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಮರುದಿನ ಮಧ್ಯಾಹ್ನದೊಳಗೆ ಆ ದನಿ ತೆಗೆದು, ಅಲ್ಲಿ ಚರ್ಚಿನ ಗಾಯಕಿಯೊಬ್ಬಳಿಂದ ಏನೋ ರಾಗ ಎಳೆಸಿ ಹಾಕಿದ. ಜವಾರಿಸ್ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದ.

"ಮಾಮ, ಅಮ್ಮ ಎಲ್ಲಿ?"

"ಮನೇಲಿರ್ತಾಳೆ ಕಣೋ, ಇನ್ನೆಲ್ಲಿ?"

"ಹಾಡಲ್ಲಿ ಮಾಮ. ಹಾಡಲ್ಲಿ ಅಮ್ಮ ಇದ್ಲಲ್ಲ, ಎಲ್ಲಿ ಹೋದ್ಲು?"

ಹುಡುಗ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡ.

"ಫೋನಲ್ಲಿ ನಿಧಾನ ಮಾಡಿ ಕೇಳ್ದೆ ಮಾಮ. ಹೆತ್ತ ತಾಯಿ ದನಿ ಗೊತ್ತಾಗಲ್ವಾ? ಅವಳಿಗಿರೋ ಕೂಸು ನಾನೊಬ್ನೇ. ಮೊದ್ಲು ಸಿಟ್ಟು ಬಂತು, ಮನೆಗೇ ಹೋಗ್ಲಿಲ್ಲ. ಆಮೇಲೆ ಅನ್ನಿಸ್ತು, ಪಾಪ, ಮುಖ ನೋಡ್ಕೊಂಡು ಹೇಳಕ್ಕಾಗ್ದೆ ನಿನ್ನ ಕೈಲಿ ಕೊಟ್ಟು ಕಳಿಸಿದ್ದಾಳೆ ಅಂತ. ಅದಕ್ಕೇ ನಾನೂ ಹಾಡಲ್ಲೇ ಉತ್ತರ ಕೊಟ್ಟೆ. ನೀನು ಯಾರಿಗೆ ಹೇಳ್ತಿದ್ದೀಯ ಅಂದಾಗ ನಕ್ಕಿದ್ದು ಅದಕ್ಕೇ." ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಕ್ಯಾಸೆಟ್ ಕೊಡುವಾಗ ಏನಂದ್ಲು ಮಾಮ, ಅಮ್ಮ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ನನ್ನ ಮಗನಿಗೆ ಕೇಳಿಸು ಅಂದಳು ಕಣೋ ಎಂದರೆ ಮುಗಿಯುತ್ತಿತ್ತು. ಹುಡುಗನ ಸಂತೋಷ ಉಳಿಯುತ್ತಿತ್ತು, ತನ್ನ ಮಾನವೂ ಉಳಿಯುತ್ತಿತ್ತು. ಆದರೆ ಇದೇ ಕುರ್ಚಿಯಲ್ಲಿ ಕೂತು ಸುಳ್ಳು ಹಾಡಿದಾಗಲೆಲ್ಲ ಈ ಹುಡುಗನನ್ನು ಎಬ್ಬಿಸಿ ಕಳಿಸಿದವನು ತಾನೇ ಅಲ್ಲವೇ?

"ಅವಳು ಕೊಡ್ಲಿಲ್ಲ" ಎಂದ ಲವೆಲ್. "ನಾನು ಕದ್ದೆ. ಬುಧವಾರದ ಸಾಕ್ಷಿ ಅದು. ಮೆಷಿನ್ ಆರಿಸ್ಬೇಕಿತ್ತು, ಆರಿಸ್ಲಿಲ್ಲ. ನಿಂಗೆ ಗೊತ್ತಿದೆ ಅಂತ ಅವಳಿಗೆ ಗೊತ್ತಿಲ್ಲ."

"ಹಂಗಾದ್ರೆ ನಿನ್ನೆ ಕಾರಲ್ಲಿ," ಎಂದ ಜವಾರಿಸ್, "ನಾನು ಕನ್ನಡಿಲಿ ಅಮ್ಮನ್ನ ನೋಡಿ ನಗ್ತಾ ಇದ್ನಲ್ಲ ಮಾಮ." ಹೆಡ್‌ಫೋನನ್ನು ಮೆಲ್ಲಗೆ ಮೊಳೆಗೆ ತೂಗುಹಾಕಿ ಎದ್ದ. "ನಡಿ. ನೀನೇ ಬಂದು ಹೇಳು."

ಅರ್ಲೀನ್ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಲವೆಲ್ ಬಾಗಿಲಲ್ಲೇ ನಿಂತು, ಟೋಪಿ ಕೈಯಲ್ಲಿ ಹಿಂಡುತ್ತಾ, "ಅಕ್ಕ, ಹಾಡು ಬರೆಯೋವಾಗ್ಲೇ ಅವನಿಗೆ ಗೊತ್ತಿತ್ತಂತೆ" ಎಂದ. ಅವಳು ಲವೆಲ್‌ನನ್ನು ನೋಡಲಿಲ್ಲ, ಮಗನನ್ನೂ ನೋಡಲಾರದೆ ಕುರ್ಚಿಯ ಮೇಲೆ ಕೂತುಬಿಟ್ಟಳು.

"ತಿರುಗಿ ಬಂದ್ಯಲ್ಲಮ್ಮ" ಎಂದ ಜವಾರಿಸ್. "ಅಷ್ಟು ಸಾಕು ನಂಗೆ."

ಅವಳು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಒಳಗಿಂದಲೇ ಹೇಳಿದಳು: "ಆಚೆ ಹೋಗು ಲವೆಲ್. ಇದು ನಮ್ಮನೆ ಮಾತು."

ಅವನು ಹೋದ. ವರಾಂಡದಲ್ಲಿ ನಿಂತರೂ ಒಳಗಿನ ದನಿ ಕೇಳಿಸುತ್ತಿತ್ತು. ಹಾಳು ಕಿವಿ, ಅದಕ್ಕೆ ಎಲ್ಲವೂ ಕೇಳಿಸುತ್ತದೆ. ಮೆಟ್ಟಿಲಿಳಿದು ರಸ್ತೆ ದಾಟಿ, ಏನೂ ಕೇಳಿಸದಷ್ಟು ದೂರ ಹೋಗಿ ಬಿಸಿಲಲ್ಲಿ ನಿಂತ. ಅರ್ಲೀನ್ ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದು ಅವನನ್ನು ಕೈಬೀಸಿ ಕರೆದಳು. ಕಣ್ಣು ಊದಿತ್ತು, ಮುಖ ಮಾತ್ರ ಹಗುರವಾಗಿತ್ತು.

"ನನ್ನ ಮಗ ನನ್ನನ್ನ ಕ್ಷಮಿಸಿದ್ದಾನೆ. ನಿನ್ನ ವಿಷಯ ಬೇರೆ" ಎಂದಳು. "ಕ್ಯಾಸೆಟ್ ತಂದುಕೊಡು. ಹಾಡಲ್ಲಿ ನನ್ನ ದನಿ ಬೇಡ. ನನ್ನ ಜಾಗದಲ್ಲಿ ಇನ್ಯಾರನ್ನೋ ಕೂರಿಸಲೂಬೇಡ."

ಹಾಗಾಗಿ ಆಲ್ಬಂ ಹೊರಬಂದಾಗ ಕೊನೆಯ ಹಾಡಿನಲ್ಲಿ ಆ ಜಾಗ ಖಾಲಿಯೇ ಇತ್ತು. ಬೀಟು ನಿಲ್ಲುತ್ತದೆ, ಯಾರೂ ಇಲ್ಲ, ಆಮೇಲೆ ಜವಾರಿಸ್ ಯಾರಿಗೋ ಉತ್ತರ ಕೊಡುವವನ ಹಾಗೆ ಮೆತ್ತಗೆ ಶುರುಮಾಡುತ್ತಾನೆ. ಜನ ಅದಕ್ಕೇ ಮರುಳಾದರು. ಪತ್ರಿಕೆಯವನೊಬ್ಬ ಗ್ಯಾರೇಜಿಗೇ ಬಂದು, ಆ ಮೌನದ ಐಡಿಯಾ ಎಲ್ಲಿಂದ ಬಂತು ಸರ್ ಎಂದು ಕೇಳಿದ. ಅಟ್ಲಾಂಟಾದವರು ಫೋನ್ ಮಾಡಿ, ಹುಡುಗನ ಜೊತೆ ನೀವೂ ಬನ್ನಿ ಎಂದರು. ಕ್ಷೌರದಂಗಡಿಯಲ್ಲಿ ಅವನ ಬೆನ್ನು ತಟ್ಟುವವರೇ ತಟ್ಟುವವರು. ಒಂದೊಂದು ಏಟೂ ಅವನಿಗೆ ಕೆನ್ನೆಗೆ ಬಿದ್ದಂತಾಗುತ್ತಿತ್ತು. ಮೀನಿನಂಗಡಿಯ ಮುಂದೆ ಆ ಹಾಡು ಕೇಳಿದರೆ ಈಗ ಅವನು ನಡಿಗೆ ಬಿರುಸು ಮಾಡುತ್ತಾನೆ. ಜವಾರಿಸ್ ಅಟ್ಲಾಂಟಾಕ್ಕೆ ಹೋಗಲಿಲ್ಲ. ಇದೇ ಗ್ಯಾರೇಜಿಗೆ ಬರುತ್ತಾನೆ, ಇದೇ ಕುರ್ಚಿಯಲ್ಲಿ ಕೂರುತ್ತಾನೆ. ಯಾರಿಗೆ ಹೇಳ್ತಿದ್ದೀಯ ಎಂದು ಕೇಳುವ ಧೈರ್ಯ ಲವೆಲ್‌ಗೆ ಇನ್ನೂ ಬಂದಿಲ್ಲ.

ಬುಧವಾರ ಸಾಕ್ಷಿಯ ಹೊತ್ತಾದರೆ ಅವನು ಮೆಷಿನ್ನಿನ ವೈರನ್ನೇ ಕಿತ್ತು, ಎರಡೂ ಕೈಗಳನ್ನು ಮೇಲೆತ್ತಿ ಸಭೆಗೆ ಕಾಣುವಂತೆ ಹಿಡಿದು ನಿಲ್ಲುತ್ತಾನೆ. ಯಾಕೆಂದು ಮೂವರಿಗಷ್ಟೇ ಗೊತ್ತು. ಉಳಿದವರು ಅವನು ದೇವರನ್ನು ಸ್ತುತಿಸುತ್ತಿದ್ದಾನೆ ಎಂದುಕೊಂಡಿದ್ದಾರೆ. ಬಾಗಿಲ ಬಳಿಯ ಬೆಂಚಿನಲ್ಲಿ ಬಿಳಿ ಗ್ಲೌಸು ತೊಟ್ಟು ಕೂತ ಅರ್ಲೀನ್ ಆ ಕೈಗಳನ್ನು ಒಮ್ಮೆ ನೋಡುತ್ತಾಳೆ. ನೋಡಿ, ಕೂತೇ ಇರುತ್ತಾಳೆ. ಕಾರಿನಲ್ಲಿ ಹಾಡು ಕೇಳಿದ ಆ ಭಾನುವಾರದಿಂದ ಈಚೆಗೆ ಅವಳು ಸಾಕ್ಷಿ ಹೇಳಲು ಎದ್ದಿಲ್ಲ.